ರನ್ ಲೆಕ್ಕದಿಂದ ಗೆಲುವಿನ ಲೆಕ್ಕಕ್ಕೆ: ಮೇಜರ್ ಲೀಗ್ ಬೇಸ್‌ಬಾಲ್ ಸೀಸನ್‌ನ ಮುನ್ನಂದಾಜು ಮಾಡುವ ಕ್ರಮ

2023ರ ಸೀಸನ್ ಮುಗಿದಾಗ ಮಯಾಮಿ ಮಾರ್ಲಿನ್ಸ್ ಖಾತೆಯಲ್ಲಿ 84 ಗೆಲುವು, ಸ್ಯಾನ್ ಡಿಯಾಗೊ ಪಾಡ್ರೆಸ್ ಖಾತೆಯಲ್ಲಿ 82. ಮಾರ್ಲಿನ್ಸ್ ಪ್ಲೇಆಫ್ ತಲುಪಿತು, ಪಾಡ್ರೆಸ್ ಹೊರಗುಳಿಯಿತು. ಅದೇ ಪಟ್ಟಿಯ ಪಕ್ಕದ ಎರಡು ಕಾಲಂ ನೋಡಿದರೆ ಕತೆಯೇ ಬೇರೆ. ಮಾರ್ಲಿನ್ಸ್ ಗಳಿಸಿದ ರನ್ 666, ಬಿಟ್ಟುಕೊಟ್ಟದ್ದು 723. ಪಾಡ್ರೆಸ್ ಗಳಿಸಿದ್ದು 752, ಬಿಟ್ಟುಕೊಟ್ಟದ್ದು 648. ಮರುವರ್ಷ ಪಾಡ್ರೆಸ್ 93 ಪಂದ್ಯ ಗೆದ್ದಿತು, ಮಾರ್ಲಿನ್ಸ್ 100 ಪಂದ್ಯ ಸೋತಿತು.

ಮುಂದಿನ ಸೀಸನ್‌ನ ಅಂದಾಜು ಮಾಡಲು ಹೊರಡುವ ಹೆಚ್ಚಿನವರು ಹಿಂದಿನ ವರ್ಷದ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು, ಯಾವ ತಂಡ ಯಾವ ದೊಡ್ಡ ಆಟಗಾರನನ್ನು ಕೊಂಡಿತು ಎಂದು ನೋಡಿ, ನಾಲ್ಕೈದು ಗೆಲುವು ಕೂಡಿಸಿ ಕಳೆದು ಮುಗಿಸುತ್ತಾರೆ. ಎಡವುವುದು ಅಲ್ಲೇ. ಸರಿಯಾದ ದಾರಿ ಸ್ವಲ್ಪ ಉದ್ದವಾದರೂ ಕಷ್ಟದ್ದಲ್ಲ: ಆಟಗಾರನಿಂದ ರನ್, ರನ್‌ನಿಂದ ಗೆಲುವು, ಗೆಲುವಿನಿಂದ ಸಾಧ್ಯತೆ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಬಳಸಲು ಬಂದರೆ ಸಾಕು. ಅಂಕಿಅಂಶ ಬೇಸ್‌ಬಾಲ್ ರೆಫರೆನ್ಸ್ ಮತ್ತು ಫ್ಯಾನ್‌ಗ್ರಾಫ್ಸ್ ತಾಣಗಳಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ತಂಡಕ್ಕೆ ಒಂದು ಸಂಜೆ ಎಂದು ಹಿಡಿದರೆ ಮೂವತ್ತು ತಂಡಕ್ಕೆ ಒಂದು ತಿಂಗಳು. ಫೆಬ್ರವರಿ ನಡುವಿನಲ್ಲಿ ತಂಡಗಳು ಸೀಸನ್‌ಗೆ ಮುಂಚಿನ ತರಬೇತಿಯಾದ ಸ್ಪ್ರಿಂಗ್ ಟ್ರೈನಿಂಗ್‌ಗೆ ಸೇರುವಾಗ ಶುರು ಮಾಡಿದರೆ, ಮಾರ್ಚ್ ಕೊನೆಯ ಉದ್ಘಾಟನಾ ಪಂದ್ಯದ ಹೊತ್ತಿಗೆ ಕೆಲಸ ಮುಗಿಯುತ್ತದೆ.

ಚೌಕಟ್ಟು ತಿಳಿದಿರಲಿ

ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎಂದು ಎರಡು ಲೀಗ್. ಪ್ರತಿ ಲೀಗ್‌ನಲ್ಲಿ ಈಸ್ಟ್, ಸೆಂಟ್ರಲ್, ವೆಸ್ಟ್ ಎಂಬ ಮೂರು ಡಿವಿಷನ್, ಪ್ರತಿ ಡಿವಿಷನ್‌ನಲ್ಲಿ ಐದು ತಂಡ. ಒಬ್ಬೊಬ್ಬರಿಗೆ 162 ಪಂದ್ಯ, ಒಟ್ಟು 2,430. 2025ರಿಂದ ಹಂಚಿಕೆ ಹೀಗಿದೆ: ಸ್ವಂತ ಡಿವಿಷನ್‌ನ ನಾಲ್ಕು ತಂಡಗಳ ವಿರುದ್ಧ ತಲಾ 13ರಂತೆ 52, ಅದೇ ಲೀಗ್‌ನ ಉಳಿದವರ ವಿರುದ್ಧ 62, ಇನ್ನೊಂದು ಲೀಗ್‌ನ ವಿರುದ್ಧ 48. 2023ಕ್ಕೆ ಮೊದಲು ಡಿವಿಷನ್ ಪಂದ್ಯಗಳು ಇದಕ್ಕಿಂತ ಬಹಳ ಹೆಚ್ಚಿದ್ದುದರಿಂದ ಸುಲಭದ ಡಿವಿಷನ್ ಸಿಕ್ಕವರಿಗೆ ದೊಡ್ಡ ಲಾಭವಿತ್ತು. ಈಗ ಆ ಲಾಭ ಒಂದೆರಡು ಗೆಲುವಿನಷ್ಟೇ. ವೇಳಾಪಟ್ಟಿಯ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ.

2022ರಿಂದ ಪ್ರತಿ ಲೀಗ್‌ನಿಂದ ಆರು ತಂಡ ಪೋಸ್ಟ್‌ಸೀಸನ್‌ಗೆ, ಅಂದರೆ ಪ್ಲೇಆಫ್‌ಗೆ, ಹೋಗುತ್ತವೆ: ಮೂರು ಡಿವಿಷನ್ ವಿಜೇತರು, ಮೂರು ವೈಲ್ಡ್ ಕಾರ್ಡ್ (ಉಳಿದವರಲ್ಲಿ ಹೆಚ್ಚು ಗೆದ್ದ ಮೂವರು). ಆ ಆರನೆಯ ಸ್ಥಾನಕ್ಕೆ ಎಷ್ಟು ಗೆಲುವು ಬೇಕಾಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ. 2022ರಿಂದ 2025ರವರೆಗೆ ನ್ಯಾಷನಲ್ ಲೀಗ್‌ನಲ್ಲಿ 87, 84, 89, 83. ಅಮೆರಿಕನ್ ಲೀಗ್‌ನಲ್ಲಿ 86, 89, 86, 87. ಸಮಬಲವಾದರೆ ಹಿಂದಿನಂತೆ 163ನೆಯ ಪಂದ್ಯ ಇಲ್ಲ, ಪರಸ್ಪರ ಪಂದ್ಯಗಳ ಫಲಿತಾಂಶವೇ ತೀರ್ಮಾನ. 2025ರಲ್ಲಿ ಟೊರಾಂಟೊ ಮತ್ತು ನ್ಯೂಯಾರ್ಕ್ ಯಾಂಕೀಸ್ ಎರಡೂ 94 ಗೆದ್ದರೂ ಡಿವಿಷನ್ ಟೊರಾಂಟೊಗೆ ದಕ್ಕಿತು. ಅದೇ ವರ್ಷ ಸಿನ್ಸಿನಾಟಿ, ನ್ಯೂಯಾರ್ಕ್ ಮೆಟ್ಸ್ ಎರಡೂ 83ರಲ್ಲಿ ನಿಂತವು. ಮುಂದೆ ಹೋದದ್ದು ಸಿನ್ಸಿನಾಟಿ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇಲ್ಲಿ ಒಂದು ಸೂಕ್ಷ್ಮವಿದೆ. ಐಪಿಎಲ್‌ನಲ್ಲಿ ಒಂದು ತಂಡಕ್ಕೆ 14 ಲೀಗ್ ಪಂದ್ಯ. ಇಲ್ಲಿ 162. ಪಂದ್ಯ ಹೆಚ್ಚಾದಷ್ಟೂ ಅದೃಷ್ಟದ ಪಾಲು ಕರಗುತ್ತದೆ ಎಂಬುದು ನಿಜ, ಆದರೆ ಅಂದುಕೊಂಡಷ್ಟು ಕರಗುವುದಿಲ್ಲ. ಬೇಸ್‌ಬಾಲ್‌ನಲ್ಲಿ ಅತ್ಯುತ್ತಮ ತಂಡವೂ ಹತ್ತರಲ್ಲಿ ಆರು ಪಂದ್ಯವನ್ನಷ್ಟೇ ಗೆಲ್ಲುತ್ತದೆ.

ಮೊದಲ ಹೆಜ್ಜೆ: ಹಿಂದಿನ ವರ್ಷದ ಲೆಕ್ಕವನ್ನು ಸೋಸಿ

ಗಳಿಸಿದ ರನ್, ಬಿಟ್ಟುಕೊಟ್ಟ ರನ್ ಎರಡರಿಂದ ತಂಡ ಎಷ್ಟು ಪಂದ್ಯ ಗೆಲ್ಲಬೇಕಿತ್ತು ಎಂದು ತಿಳಿಯಲು ಅಂಕಿಅಂಶ ಬರಹಗಾರ ಬಿಲ್ ಜೇಮ್ಸ್ ಕೊಟ್ಟ ಸೂತ್ರವನ್ನು ಬೇಸ್‌ಬಾಲ್‌ನಲ್ಲಿ ಪೈಥಾಗೊರಿಯನ್ ಲೆಕ್ಕ ಎನ್ನುತ್ತಾರೆ. ಗಳಿಸಿದ ರನ್‌ನ ವರ್ಗವನ್ನು, ಗಳಿಸಿದ್ದರ ವರ್ಗ ಮತ್ತು ಬಿಟ್ಟದ್ದರ ವರ್ಗ ಎರಡರ ಮೊತ್ತದಿಂದ ಭಾಗಿಸಿ, 162ರಿಂದ ಗುಣಿಸಿ. ಘಾತ 2ರ ಬದಲು 1.83 ಇಟ್ಟರೆ ಇನ್ನಷ್ಟು ಹತ್ತಿರ ಬರುತ್ತದೆ.

ಪಾಡ್ರೆಸ್ ಅಂಕಿಗಳನ್ನು ಹಾಕಿ ನೋಡಿ. ವರ್ಗದ ಸೂತ್ರದಲ್ಲಿ 93, ಘಾತ 1.83ರಲ್ಲಿ 92. ಕಾಗದ ಪೆನ್ನು ಇಲ್ಲದಿದ್ದರೆ ಇನ್ನೂ ಸುಲಭದ ದಾರಿ ಇದೆ: ಪ್ರತಿ 10 ರನ್ ವ್ಯತ್ಯಾಸಕ್ಕೆ ಒಂದು ಗೆಲುವು. 104 ರನ್ ಹೆಚ್ಚುವರಿ ಎಂದರೆ 81ರ ಮೇಲೆ ಹತ್ತು, ಅಂದರೆ 91. ಮೂರೂ ದಾರಿ ಒಂದೇ ಊರಿಗೆ ಹೋಗುತ್ತವೆ, ಆದರೆ ತಂಡ ಗೆದ್ದದ್ದು 82. ಮಾರ್ಲಿನ್ಸ್‌ಗೆ ಇದೇ ಲೆಕ್ಕ 75 ಎನ್ನುತ್ತದೆ, ಗೆದ್ದದ್ದು 84.

ಈ ಅಂತರ ಬಂದದ್ದು ಎಲ್ಲಿಂದ? ಹೆಚ್ಚಾಗಿ ಒಂದು ರನ್ ಅಂತರದ ಪಂದ್ಯಗಳಿಂದ. ಆ ವರ್ಷ ಮಾರ್ಲಿನ್ಸ್ ಇಂಥ ಪಂದ್ಯಗಳಲ್ಲಿ 33 ಗೆದ್ದು 14 ಸೋತಿತ್ತು. ಪಾಡ್ರೆಸ್ 9 ಗೆದ್ದು 23 ಸೋತಿತ್ತು. ಒಂದು ರನ್‌ನ ಗೆಲುವನ್ನು ‘ಛಲ’, ‘ಗೆಲ್ಲುವ ಗುಣ’ ಎಂದು ವರ್ಣಿಸುವ ರೂಢಿ ಇದೆ. ಆ ಗುಣ ಮರುವರ್ಷಕ್ಕೆ ಜೊತೆಗೆ ಬರುವುದಿಲ್ಲ ಎಂಬುದಕ್ಕೆ 2016ರ ಟೆಕ್ಸಸ್ ರೇಂಜರ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಒಂದು ರನ್ ಪಂದ್ಯಗಳಲ್ಲಿ 36-11, ಒಟ್ಟು 95 ಗೆಲುವು. ಆದರೆ ಗಳಿಸಿದ ರನ್ 765, ಬಿಟ್ಟದ್ದು 757. ಸೂತ್ರ 82 ಎಂದಿತ್ತು. 2017ರಲ್ಲಿ ಅವರು ಗೆದ್ದದ್ದು 78.

ಹಾಗೆಂದು ಸೂತ್ರವೇ ಎಲ್ಲವನ್ನೂ ಹೇಳಿಬಿಡುತ್ತದೆ ಎಂದುಕೊಳ್ಳಬೇಡಿ. 2024ರ ಮಾರ್ಲಿನ್ಸ್ 75ರ ಬದಲು 62ಕ್ಕೆ ಇಳಿದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಮುಖ್ಯ ಪಿಚರ್ (ಚೆಂಡು ಎಸೆಯುವವ) ಸ್ಯಾಂಡಿ ಅಲ್ಕಾಂತರಾ ಮೊಣಕೈ ಶಸ್ತ್ರಚಿಕಿತ್ಸೆಯಿಂದ ಇಡೀ ವರ್ಷ ಆಡಲಿಲ್ಲ. ಪಾಡ್ರೆಸ್ ಕೂಡ ಬ್ಯಾಟರ್ ಹ್ವಾನ್ ಸೊಟೊ, ಪಿಚರ್ ಬ್ಲೇಕ್ ಸ್ನೆಲ್ ಇಬ್ಬರನ್ನೂ ಕಳೆದುಕೊಂಡೇ 93 ಗೆದ್ದಿತು. ಈ ಹೆಜ್ಜೆಯ ಉಪಯೋಗ ಒಂದೇ: ಮನಸ್ಸಿನಲ್ಲಿ ಅಂಟಿಕೊಂಡಿರುವ ಕಳೆದ ವರ್ಷದ ಸ್ಥಾನಪಟ್ಟಿಯನ್ನು ಅಳಿಸುವುದು. ಮೂವತ್ತೂ ತಂಡಗಳಿಗೆ ಸೂತ್ರದ ಗೆಲುವನ್ನು ಬರೆದು, ನಿಜ ಗೆಲುವಿನಿಂದ ಐದಕ್ಕಿಂತ ಹೆಚ್ಚು ವ್ಯತ್ಯಾಸ ಇರುವವರಿಗೆ ಬಣ್ಣ ಹಚ್ಚಿಡಿ. ಅಂದಾಜಿನ ನಿಜವಾದ ಕೆಲಸ ಇನ್ನು ಮುಂದೆ.

ಎರಡನೆಯದು: ಒಬ್ಬೊಬ್ಬ ಆಟಗಾರನ ಅಂದಾಜು

ತಯಾರಾದ ಅಂದಾಜುಗಳು ಸಿಗುತ್ತವೆ. ಡ್ಯಾನ್ ಝಿಂಬೋರ್ಸ್ಕಿ ಅವರ ಝಿಪ್ಸ್, ಸ್ಟೀಮರ್, ಬೇಸ್‌ಬಾಲ್ ಪ್ರಾಸ್ಪೆಕ್ಟಸ್‌ನವರ ಪೆಕೋಟಾ ಇವುಗಳಲ್ಲಿ ಹೆಸರಾದವು. ಬಳಸಿ, ತಪ್ಪೇನಿಲ್ಲ. ಆದರೆ ಒಮ್ಮೆ ಕೈಯಾರೆ ಮಾಡಿ ನೋಡದೆ ಅವುಗಳ ಸಂಖ್ಯೆ ಯಾಕೆ ಹಾಗಿರುತ್ತದೆ ಎಂದು ತಿಳಿಯುವುದಿಲ್ಲ. ಅದಕ್ಕೆ ಟಾಮ್ ಟ್ಯಾಂಗೊ ಅವರ ಮಾರ್ಸೆಲ್ ವಿಧಾನ ಸಾಕು. ಇದು ಅತ್ಯಂತ ಸರಳ, ಮತ್ತು ಬಹಳ ಸಂಕೀರ್ಣವಾದವುಗಳಿಗಿಂತ ಹೆಚ್ಚೇನೂ ಹಿಂದೆ ಬೀಳುವುದಿಲ್ಲ.

ಬ್ಯಾಟರ್‌ಗೆ ಅಳತೆಯಾಗಿ ವೋಬಾ (wOBA) ಬಳಸಿ. ಪ್ರತಿ ಬ್ಯಾಟಿಂಗ್ ಸರದಿಗೆ ಆತ ತಂದ ಮೌಲ್ಯ ಇದು: ವಾಕ್‌ಗೆ (ನಾಲ್ಕು ಗುರಿತಪ್ಪಿದ ಎಸೆತಕ್ಕೆ ಸಿಗುವ ಮೊದಲ ಬೇಸ್) ಸುಮಾರು 0.7, ಸಿಂಗಲ್‌ಗೆ (ಹೊಡೆದು ಮೊದಲ ಬೇಸ್ ತಲುಪುವುದು) 0.9, ಡಬಲ್‌ಗೆ (ಎರಡನೆಯ ಬೇಸ್) 1.25, ಹೋಮ್ ರನ್‌ಗೆ (ಎಲ್ಲ ಬೇಸ್ ಸುತ್ತಿ ಬರುವ ಹೊಡೆತ) 2 ಎಂದು ತೂಕ ಕೊಟ್ಟು ಸರದಿಗಳಿಂದ ಭಾಗಿಸಿದ್ದು. ಲೀಗ್ ಸರಾಸರಿ 0.315ರ ಆಸುಪಾಸು ಇರುತ್ತದೆ. ಬ್ಯಾಟಿಂಗ್ ಸರಾಸರಿಯನ್ನು (ಇಲ್ಲಿ ಅದು ಹಿಟ್‌ಗಳ ಪ್ರಮಾಣ) ಬಿಟ್ಟುಬಿಡಿ. ಅದಕ್ಕೆ ವಾಕ್ ಕಾಣುವುದಿಲ್ಲ, ಸಿಂಗಲ್‌ಗೂ ಹೋಮ್ ರನ್‌ಗೂ ಭೇದ ಗೊತ್ತಿಲ್ಲ.

ಒಬ್ಬ ಕಾಲ್ಪನಿಕ ಬ್ಯಾಟರ್‌ನನ್ನು ತೆಗೆದುಕೊಳ್ಳೋಣ. ಕಳೆದ ವರ್ಷ 600 ಸರದಿ, ವೋಬಾ 0.360. ಅದರ ಹಿಂದಿನ ವರ್ಷ 500 ಸರದಿ, 0.340. ಅದಕ್ಕೂ ಹಿಂದೆ 650 ಸರದಿ, 0.320. ವಯಸ್ಸು 33.

ಇತ್ತೀಚಿನ ವರ್ಷದಿಂದ ಹಿಂದಕ್ಕೆ 5, 4, 3 ಎಂದು ತೂಕ. ಸರದಿಗಳನ್ನು ತೂಕದಿಂದ ಗುಣಿಸಿದರೆ 3,000, 2,000, 1,950, ಒಟ್ಟು 6,950. ಪ್ರತಿಯೊಂದನ್ನೂ ಆ ವರ್ಷದ ವೋಬಾದಿಂದ ಗುಣಿಸಿ ಕೂಡಿದರೆ 2,384. ಇದಕ್ಕೆ ಲೀಗ್ ಸರಾಸರಿಯ 1,200 ಸರದಿ ಬೆರೆಸಿ: 1,200 × 0.315 = 378. ಈಗ 2,762ನ್ನು 8,150ರಿಂದ ಭಾಗಿಸಿದರೆ 0.339. ವಯಸ್ಸಿನ ಲೆಕ್ಕದಲ್ಲಿ 29 ದಾಟಿದ ಪ್ರತಿ ವರ್ಷಕ್ಕೆ 0.3% ಕಡಿತ, 29ಕ್ಕಿಂತ ಚಿಕ್ಕವರಾದರೆ ಪ್ರತಿ ವರ್ಷಕ್ಕೆ 0.6% ಹೆಚ್ಚಳ. ಇಲ್ಲಿ ನಾಲ್ಕು ವರ್ಷಕ್ಕೆ 1.2% ಕಡಿತ, ಕೊನೆಗೆ ಉಳಿಯುವುದು 0.335.

ಕಳೆದ ವರ್ಷ 0.360 ಹೊಡೆದವನಿಗೆ 0.335 ಬರೆಯಲು ಕೈ ಹಿಂಜರಿಯುತ್ತದೆ. ಅಭಿಮಾನಿಗಳು ಸಿಟ್ಟಾಗುವುದೂ ಇಲ್ಲೇ. ಆದರೆ ಲೀಗ್ ಸರಾಸರಿಯ 1,200 ಸರದಿ ಬೆರೆಸುವ ಆ ಒಂದು ಹೆಜ್ಜೆಯೇ ಇಡೀ ವಿಧಾನದ ಜೀವ. 100 ಸರದಿ ಮಾತ್ರ ಆಡಿ ಮಿಂಚಿದ ಹೊಸ ಹುಡುಗನನ್ನು ಅದು ಸರಾಸರಿಯ ಕಡೆ ಬಲವಾಗಿ ಎಳೆಯುತ್ತದೆ. ಮೂರು ವರ್ಷ ಪೂರ್ತಿ ಆಡಿದವನನ್ನು ಸ್ವಲ್ಪ ಮಾತ್ರ ಎಳೆಯುತ್ತದೆ. ಇದನ್ನು ಬಿಟ್ಟು ಅಂದಾಜು ಮಾಡಿದರೆ ಪ್ರತಿ ವರ್ಷವೂ ಕಳೆದ ವರ್ಷದ ತಾರೆಯರನ್ನು ಅತಿಯಾಗಿ ನಂಬಿ ಮೋಸ ಹೋಗುತ್ತೀರಿ.

ಪಿಚರ್‌ಗಳಿಗೆ ತೂಕ 3, 2, 1. ಅಳತೆಯಾಗಿ ಇಆರ್‌ಎ (ಫೀಲ್ಡಿಂಗ್ ತಪ್ಪಿನವು ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್) ಬೇಡ, ಎಫ್‌ಐಪಿ (ಫೀಲ್ಡರ್‌ಗಳ ಪಾಲು ತೆಗೆದರೆ ಇಆರ್‌ಎ ಎಷ್ಟಿರಬೇಕಿತ್ತು ಎಂಬ ಅಂಕಿ) ಹಿಡಿಯಿರಿ. ಹೋಮ್ ರನ್ × 13, ವಾಕ್ ಮತ್ತು ಮೈಗೆ ಬಡಿದ ಚೆಂಡುಗಳು × 3, ಎರಡನ್ನೂ ಕೂಡಿ, ಅದರಿಂದ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟಾದವರು) × 2 ಕಳೆದು, ಇನ್ನಿಂಗ್ಸ್‌ನಿಂದ ಭಾಗಿಸಿ, ಸುಮಾರು 3.10 ಸೇರಿಸಿ. 180 ಇನ್ನಿಂಗ್ಸ್, 20 ಹೋಮ್ ರನ್, 50 ವಾಕ್, 180 ಸ್ಟ್ರೈಕ್‌ಔಟ್ ಇದ್ದರೆ 3.38. ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುವುದು ಬಹುಮಟ್ಟಿಗೆ ಫೀಲ್ಡರ್‌ಗಳ ಮತ್ತು ಅದೃಷ್ಟದ ಕೈಯಲ್ಲಿದೆ. ಅಂಥ ಚೆಂಡುಗಳಲ್ಲಿ ಸಾಮಾನ್ಯವಾಗಿ 29-30% ಹಿಟ್ ಆಗುತ್ತವೆ. ಒಬ್ಬ ಪಿಚರ್‌ಗೆ ಕಳೆದ ವರ್ಷ ಅದು 25% ಇದ್ದರೆ ಆತನ ಇಆರ್‌ಎ ಈ ವರ್ಷ ಏರುತ್ತದೆ ಎಂದೇ ಬರೆದುಕೊಳ್ಳಿ.

ಮಾರ್ಸೆಲ್‌ನ ದೊಡ್ಡ ಕೊರತೆ, ಮೇಜರ್ ಲೀಗ್‌ನಲ್ಲಿ ಆಡದವರನ್ನೆಲ್ಲ ಸರಾಸರಿ ಆಟಗಾರ ಎಂದೇ ಎಣಿಸುವುದು. ಮೈನರ್ ಲೀಗ್‌ನಿಂದ ಬರುವವರಿಗೆ, ಜಪಾನ್ ಅಥವಾ ಕೊರಿಯಾ ಲೀಗ್‌ನಿಂದ ಬರುವವರಿಗೆ ಝಿಪ್ಸ್ ಅಥವಾ ಸ್ಟೀಮರ್ ಸಂಖ್ಯೆಯನ್ನೇ ಎತ್ತಿಕೊಳ್ಳಿ. ಆ ಲೀಗ್‌ಗಳ ಆಟವನ್ನು ಮೇಜರ್ ಲೀಗ್ ಮಟ್ಟಕ್ಕೆ ಇಳಿಸುವ ಲೆಕ್ಕ ಅವುಗಳಲ್ಲಿದೆ.

ಮೈದಾನದ ಪ್ರಭಾವ ಮರೆಯಬಾರದು. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು 5,200 ಅಡಿ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಕರ್ವ್ ಬಾಲ್ ಕಡಿಮೆ ತಿರುಗುತ್ತದೆ. ಸಿಯಾಟಲ್ ಮೈದಾನ ಇದಕ್ಕೆ ತದ್ವಿರುದ್ಧ. ಆಟಗಾರ ತಂಡ ಬದಲಿಸಿದಾಗ ಮಾತ್ರ ಈ ತಿದ್ದುಪಡಿ ಬೇಕು, ಅದೂ ಅರ್ಧದಷ್ಟು. ಏಕೆಂದರೆ ತವರಿನಲ್ಲಿ ಆಡುವುದು 81 ಪಂದ್ಯ ಮಾತ್ರ. ತಯಾರಾದ ಅಂದಾಜುಗಳಲ್ಲಿ ಈ ತಿದ್ದುಪಡಿ ಮೊದಲೇ ಆಗಿರುತ್ತದೆ. ಮತ್ತೆ ಕಳೆದರೆ ಎರಡು ಸಲ ಕಳೆದಂತಾಗುತ್ತದೆ.

ಮೂರನೆಯದು: ಯಾರು ಎಷ್ಟು ಆಡುತ್ತಾರೆ

ಅಂದಾಜುಗಳು ಕುಸಿದು ಬೀಳುವುದು ಇಲ್ಲಿ. ಆಟಗಾರ ಎಷ್ಟು ಚೆನ್ನಾಗಿ ಆಡುತ್ತಾನೆ ಎಂಬುದಕ್ಕಿಂತ ಎಷ್ಟು ದಿನ ಆಡುತ್ತಾನೆ ಎಂಬುದರಲ್ಲೇ ಹೆಚ್ಚು ತಪ್ಪಾಗುತ್ತದೆ. ಒಟ್ಟು ಸಮಯದಲ್ಲಿ ಅರ್ಧ ಭಾಗವನ್ನು ಈ ಹೆಜ್ಜೆಗೇ ಮೀಸಲಿಡಿ.

ಒಂದು ತಂಡಕ್ಕೆ ಒಂದು ಸೀಸನ್‌ನಲ್ಲಿ ಸುಮಾರು 6,100 ಬ್ಯಾಟಿಂಗ್ ಸರದಿ, ಸುಮಾರು 1,440 ಪಿಚಿಂಗ್ ಇನ್ನಿಂಗ್ಸ್. ನಿಮ್ಮ ಹಾಳೆಯಲ್ಲಿ ಪ್ರತಿ ತಂಡದ ಮೊತ್ತ ಇದಕ್ಕೆ ತಾಳೆಯಾಗಲೇಬೇಕು. ಒಂಬತ್ತು ಖಾಯಂ ಬ್ಯಾಟರ್‌ಗಳಿಗೆ ತಲಾ 680 ಬರೆದು ಮುಗಿಸಿದರೆ ಯಾರೂ ಗಾಯಗೊಳ್ಳುವುದಿಲ್ಲ ಎಂದು ಬರೆದಂತಾಯಿತು. ಮಾರ್ಸೆಲ್ ಸೂತ್ರ ಹೀಗಿದೆ: ಕಳೆದ ವರ್ಷದ ಸರದಿಯ ಅರ್ಧ, ಅದರ ಹಿಂದಿನ ವರ್ಷದ ಹತ್ತನೆಯ ಒಂದು, ಜೊತೆಗೆ 200. ನಮ್ಮ 33ರ ಬ್ಯಾಟರ್‌ಗೆ 300 + 50 + 200 = 550. ಇದನ್ನು ಆರಂಭದ ಬಿಂದುವಾಗಿಟ್ಟುಕೊಂಡು ಸುದ್ದಿ ನೋಡಿ ತಿದ್ದಿ. ಬ್ಯಾಟಿಂಗ್ ಕ್ರಮದಲ್ಲಿ ಒಂದು ಸ್ಥಾನ ಕೆಳಗಿಳಿದರೆ ಸೀಸನ್‌ನಲ್ಲಿ ಸುಮಾರು 17-18 ಸರದಿ ಕಡಿಮೆ. ಕ್ಯಾಚರ್‌ಗೆ (ವಿಕೆಟ್ ಕೀಪರ್‌ನಂತೆ ಬ್ಯಾಟರ್ ಹಿಂದೆ ಕೂರುವವ) 110-120 ಪಂದ್ಯಕ್ಕಿಂತ ಹೆಚ್ಚು ಬರೆಯಬೇಡಿ. ಕುಕ್ಕರಗಾಲಿನಲ್ಲಿ ಕೂತು ದಿನವೂ ಆಡುವ ಕೆಲಸ ಯಾರ ಮೈಗೂ ಒಗ್ಗುವುದಿಲ್ಲ.

ಖಾಯಂ ಆಟಗಾರರಿಗೆ ಹಂಚಿ ಉಳಿದ 900ರಷ್ಟು ಸರದಿ ಬೆಂಚ್‌ನವರಿಗೆ. ಅವರ ವೋಬಾ 0.290 ಎಂದು ಹಿಡಿಯಿರಿ. ಸರಾಸರಿಗಿಂತ 0.025 ಕಡಿಮೆ, ಅದನ್ನು 1.2ರಿಂದ (ವೋಬಾವನ್ನು ರನ್‌ಗೆ ಬದಲಿಸುವ ಅಂಕಿ) ಭಾಗಿಸಿ 900ರಿಂದ ಗುಣಿಸಿದರೆ 19 ರನ್ ನಷ್ಟ, ಅಂದರೆ ಎರಡು ಗೆಲುವು. ಬೆಂಚ್ ಗಟ್ಟಿ ಇರುವ ತಂಡಕ್ಕೆ ಈ ನಷ್ಟ ಇಲ್ಲ. ಶ್ರೀಮಂತ ತಂಡಗಳ ನಿಜವಾದ ಬಲ ಹಲವು ಸಲ ಇಲ್ಲೇ ಅಡಗಿರುತ್ತದೆ.

ಪಿಚರ್‌ಗಳ ವಿಷಯದಲ್ಲಂತೂ ಐವರು ಸ್ಟಾರ್ಟರ್‌ಗಳನ್ನೇ (ಸರದಿಯಂತೆ ಪಂದ್ಯ ಶುರು ಮಾಡುವ ಪಿಚರ್‌ಗಳು) ನಂಬಿ ಕೂರುವುದು ಅತಿ ಸಾಮಾನ್ಯ ತಪ್ಪು. ಈಗಿನ ಆಟದಲ್ಲಿ ಸ್ಟಾರ್ಟರ್ ಒಂದು ಪಂದ್ಯಕ್ಕೆ ಸರಾಸರಿ ಐದು ಇನ್ನಿಂಗ್ಸ್‌ಗಿಂತ ಸ್ವಲ್ಪ ಹೆಚ್ಚು ಎಸೆಯುತ್ತಾನೆ. ಹಾಗಾಗಿ ಸ್ಟಾರ್ಟರ್‌ಗಳ ಪಾಲು ಸುಮಾರು 845, ಬುಲ್‌ಪೆನ್‌ನದ್ದು (ಸ್ಟಾರ್ಟರ್ ನಂತರ ಬಂದು ಎಸೆಯುವವರದ್ದು) 595. ಸ್ಟಾರ್ಟರ್‌ಗಳಿಗೆ ಕ್ರಮವಾಗಿ 170, 155, 140, 120, 95 ಎಂದು ಬರೆಯಿರಿ, 680 ಆಯಿತು. ಉಳಿದ 165 ಇನ್ನಿಂಗ್ಸ್ ಆರನೆಯವನಿಂದ ಹತ್ತನೆಯವನವರೆಗೆ. ಅವರ ಇಆರ್‌ಎ 5ರ ಮೇಲೇ ಇರುತ್ತದೆ. ಆ 165 ಇನ್ನಿಂಗ್ಸ್‌ಗೆ 4.00ರ ಬದಲು 5.10 ಬರೆದರೆ 20 ರನ್ ವ್ಯತ್ಯಾಸ. ಇದೂ ಎರಡು ಗೆಲುವು. ಬುಲ್‌ಪೆನ್‌ನಲ್ಲಿ ನಾಲ್ವರು ಮುಖ್ಯರಿಗೆ ತಲಾ 60, ಉಳಿದದ್ದನ್ನು ಬರುವ ಹೋಗುವವರಿಗೆ ಹಂಚಿ.

ಮೊಣಕೈನ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾದ ಪಿಚರ್ ಮರಳಲು 12ರಿಂದ 18 ತಿಂಗಳು ಬೇಕು. ‘ಜೂನ್‌ಗೆ ಬರುತ್ತಾನೆ’ ಎಂಬ ಸುದ್ದಿ ಇದ್ದರೆ ಜುಲೈ ಎಂದು ಬರೆಯಿರಿ. ಬಂದ ಮೇಲೂ ಆತ ಮೂರು-ನಾಲ್ಕು ಇನ್ನಿಂಗ್ಸ್‌ನಿಂದಲೇ ಶುರು ಮಾಡುತ್ತಾನೆ. ಜಪಾನ್‌ನಿಂದ ಬರುವವರಿಗೆ ಅಲ್ಲಿ ವಾರಕ್ಕೊಂದು ಪಂದ್ಯದ ರೂಢಿ ಇರುತ್ತದೆ. ಮೊದಲ ವರ್ಷ ಇನ್ನಿಂಗ್ಸ್ ತಗ್ಗಿಸಿ. 2024ರಲ್ಲಿ ಯೊಶಿನೊಬು ಯಮಾಮೊಟೊ ಭುಜದ ನೋವಿನಿಂದ 18 ಪಂದ್ಯ, 90 ಇನ್ನಿಂಗ್ಸ್‌ಗೆ ಸೀಮಿತರಾದರು. ಶೊಹೆ ಒಟಾನಿಗೆ ಎರಡು ಸಾಲು ಇರಲಿ, ಬ್ಯಾಟರ್ ಆಗಿ ಒಂದು, ಪಿಚರ್ ಆಗಿ ಒಂದು. 2024ರಲ್ಲಿ ಅವರು ಒಂದೂ ಚೆಂಡು ಎಸೆಯದೆ 54 ಹೋಮ್ ರನ್ ಹೊಡೆದರು. ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಯಾವುದೂ ಸರಿ ಬರುವುದಿಲ್ಲ.

ಈ ಹೆಜ್ಜೆ ಎರಡೂ ದಿಕ್ಕಿಗೆ ಕೈಕೊಡುತ್ತದೆ. 2023ರಲ್ಲಿ 104 ಗೆದ್ದ ಅಟ್ಲಾಂಟಾ ಮರುವರ್ಷ ಏಪ್ರಿಲ್‌ನಲ್ಲಿ ಪಿಚರ್ ಸ್ಪೆನ್ಸರ್ ಸ್ಟ್ರೈಡರ್, ಮೇ ತಿಂಗಳಲ್ಲಿ ಬ್ಯಾಟರ್ ರೊನಾಲ್ಡ್ ಅಕುನ್ಯಾ ಇಬ್ಬರನ್ನೂ ಗಾಯದಿಂದ ಕಳೆದುಕೊಂಡು 89ಕ್ಕೆ ಇಳಿಯಿತು. 2023ರಲ್ಲಿ 56 ಮಾತ್ರ ಗೆದ್ದಿದ್ದ ಕ್ಯಾನ್ಸಸ್ ಸಿಟಿ 2024ರಲ್ಲಿ 86 ಗೆದ್ದಿತು. ಬಾಬಿ ವಿಟ್‌ರ ಬ್ಯಾಟಿಂಗ್ ಎಲ್ಲರ ಕಣ್ಣಿಗೂ ಬಿತ್ತು. ಆದರೆ ನಾಲ್ವರು ಸ್ಟಾರ್ಟರ್‌ಗಳು ದೊಡ್ಡ ಗಾಯವಿಲ್ಲದೆ ಹೆಚ್ಚುಕಡಿಮೆ ಇಡೀ ಸೀಸನ್ ಎಸೆದದ್ದು ಅಷ್ಟೇ ಮುಖ್ಯ. ಅದನ್ನು ಮಾರ್ಚ್‌ನಲ್ಲಿ ಯಾರೂ ಬರೆಯಲಾರರು, ಬರೆಯಲೂಬಾರದು.

ನಾಲ್ಕನೆಯದು: ರನ್ ಕೂಡಿಸಿ, ತಾಳೆ ನೋಡಿ

ಬ್ಯಾಟಿಂಗ್: ಪ್ರತಿಯೊಬ್ಬರ ವೋಬಾದಿಂದ ಲೀಗ್ ಸರಾಸರಿ ಕಳೆದು, 1.2ರಿಂದ ಭಾಗಿಸಿ, ಸರದಿಯಿಂದ ಗುಣಿಸಿ. ನಮ್ಮ ಬ್ಯಾಟರ್ 0.335, 550 ಸರದಿ: ಒಂಬತ್ತು ರನ್ ಲಾಭ. ಎಲ್ಲರದ್ದನ್ನೂ ಕೂಡಿ ಸರಾಸರಿ ತಂಡದ ರನ್‌ಗೆ ಸೇರಿಸಿ. ಪಂದ್ಯಕ್ಕೆ 4.4 ರನ್ ಎಂದು ಹಿಡಿದರೆ ಅದು 713. ಈ ಸಂಖ್ಯೆ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ: 2022ರಲ್ಲಿ 4.28, ಪಿಚ್ ಗಡಿಯಾರ (ಎಸೆತಕ್ಕೆ ಸಮಯದ ಮಿತಿ) ಮತ್ತು ದೊಡ್ಡ ಬೇಸ್‌ಗಳು ಬಂದ 2023ರಲ್ಲಿ 4.62, 2024ರಲ್ಲಿ 4.39. ನಿಯಮ ಬದಲಾವಣೆ ಎಲ್ಲ ತಂಡಕ್ಕೂ ಒಂದೇ ಆದ್ದರಿಂದ ಸ್ಥಾನಪಟ್ಟಿಯ ಮೇಲೆ ಅದರ ಪರಿಣಾಮ ಕಡಿಮೆ. ಒಂದು ವಿನಾಯಿತಿ ಇದೆ: 2026ರಿಂದ ಬಾಲ್-ಸ್ಟ್ರೈಕ್ ತೀರ್ಪನ್ನು (ಎಸೆತ ಗುರಿತಪ್ಪಿದ ಬಾಲೋ, ಗುರಿಯೊಳಗಿನ ಸ್ಟ್ರೈಕೋ ಎಂಬುದು) ಯಂತ್ರದ ಮುಂದೆ ಪ್ರಶ್ನಿಸುವ ಅವಕಾಶ ತಂಡಗಳಿಗೆ ಸಿಕ್ಕಿರುವುದರಿಂದ, ಗ್ಲೌಸ್ ಜಾಣ್ಮೆಯಿಂದ ಸ್ಟ್ರೈಕ್ ಕದಿಯುವ ಕ್ಯಾಚರ್‌ಗಳ ಬೆಲೆಯನ್ನು ತುಸು ಇಳಿಸಿ.

ಪಿಚಿಂಗ್: ಪ್ರತಿಯೊಬ್ಬರ ಇನ್ನಿಂಗ್ಸ್ × ಅಂದಾಜು ಇಆರ್‌ಎ ÷ 9. ಒಟ್ಟಿಗೆ ಸುಮಾರು 8% ಸೇರಿಸಿ, ಏಕೆಂದರೆ ಫೀಲ್ಡಿಂಗ್ ತಪ್ಪಿನಿಂದ ಬರುವ ರನ್ ಇಆರ್‌ಎಯಲ್ಲಿ ಇರುವುದಿಲ್ಲ. ಆಮೇಲೆ ಫೀಲ್ಡಿಂಗ್‌ಗೆ ತಿದ್ದುಪಡಿ: ಅತ್ಯುತ್ತಮ ತಂಡಕ್ಕೆ 25-30 ರನ್ ಕಳೆಯಿರಿ, ಅತಿ ಕೆಟ್ಟದ್ದಕ್ಕೆ ಅಷ್ಟೇ ಕೂಡಿಸಿ. ಒಂದೇ ವರ್ಷದ ಫೀಲ್ಡಿಂಗ್ ಅಂಕಿಯನ್ನು ಅರ್ಧಕ್ಕಿಂತ ಹೆಚ್ಚು ನಂಬಬೇಡಿ.

ಈಗ 760 ಗಳಿಕೆ, 690 ಬಿಟ್ಟುಕೊಡುಗೆ ಬಂತು ಎನ್ನಿ. ಘಾತ 1.83ರಲ್ಲಿ 88 ಗೆಲುವು.

ಮೂವತ್ತೂ ತಂಡ ಮುಗಿದ ಮೇಲೆ ಎರಡು ತಾಳೆ. ಗಳಿಸಿದ ರನ್‌ಗಳ ಮೊತ್ತ ಬಿಟ್ಟುಕೊಟ್ಟ ರನ್‌ಗಳ ಮೊತ್ತಕ್ಕೆ ಸಮ ಇರಬೇಕು; ಗೆಲುವುಗಳ ಮೊತ್ತ 2,430 ಇರಬೇಕು. ಮೊದಲ ಪ್ರಯತ್ನದಲ್ಲಿ ಗೆಲುವು ಬಹುತೇಕ ಹೆಚ್ಚೇ ಬರುತ್ತದೆ. ಎಲ್ಲರೂ ಆರೋಗ್ಯವಾಗಿರುತ್ತಾರೆ ಎಂಬ ಆಸೆ ಎಲ್ಲೋ ನುಸುಳಿದೆ ಎಂದರ್ಥ. ಮೂರನೆಯ ಹೆಜ್ಜೆಗೆ ಮರಳಿ, ಬೆಂಚ್ ಮತ್ತು ಆರನೆಯ ಸ್ಟಾರ್ಟರ್ ಸಾಲುಗಳನ್ನು ನೋಡಿ. ಕೊನೆಗೂ ಉಳಿಯುವ ಸಣ್ಣ ವ್ಯತ್ಯಾಸವನ್ನು ಎಲ್ಲ ತಂಡಕ್ಕೂ ಸಮನಾಗಿ ಹಂಚಿ.

ನಿಮ್ಮ ಪಟ್ಟಿಯ ತುದಿಯ ತಂಡ 96ರಲ್ಲಿ, ತಳದ ತಂಡ 64ರಲ್ಲಿ ನಿಂತಿರಬಹುದು. ಗಾಬರಿ ಬೇಡ. ನಿಜ ಸೀಸನ್‌ನಲ್ಲಿ ಹಲವು ಸಲ ಯಾರಾದರೊಬ್ಬರು 100 ದಾಟುತ್ತಾರೆ; 2024ರ ಚಿಕಾಗೊ ವೈಟ್ ಸಾಕ್ಸ್‌ನಂತೆ 121 ಸೋಲುವವರೂ ಇರುತ್ತಾರೆ. ಯಾರು ಎಂಬುದು ಮೊದಲೇ ತಿಳಿಯದ ಕಾರಣ ಒಳ್ಳೆಯ ಅಂದಾಜು ಯಾವಾಗಲೂ ನಿಜಕ್ಕಿಂತ ಇಕ್ಕಟ್ಟಾಗಿಯೇ ಇರುತ್ತದೆ. ಅದನ್ನು ಬೇಕೆಂದೇ ಹಿಗ್ಗಿಸಿದರೆ ತಪ್ಪು ಹೆಚ್ಚುತ್ತದೆ.

ಐದನೆಯದು: ಒಂದು ಸಂಖ್ಯೆಯಿಂದ ಸಾಧ್ಯತೆಗೆ

ನಾಣ್ಯ ಚಿಮ್ಮಿದಂತೆ ಸಮಬಲದ ತಂಡವೊಂದು 162 ಪಂದ್ಯ ಆಡಿದರೆ, ಬರೀ ಅದೃಷ್ಟದಿಂದಲೇ ಗೆಲುವು 81ರಿಂದ ಆಚೀಚೆ ಸುಮಾರು 6.4ರಷ್ಟು ತೂಗುತ್ತದೆ. ಅಂದರೆ ಮೂರರಲ್ಲಿ ಎರಡು ಸಲ 75ರಿಂದ 87ರ ನಡುವೆ, ಉಳಿದ ಸಲ ಅದಕ್ಕೂ ಆಚೆ. ಆಟಗಾರರ ಬಗೆಗಿನ ನಿಮ್ಮ ತಪ್ಪು, ಗಾಯ, ಜುಲೈ ಕೊನೆಯಲ್ಲಿ ತಂಡಗಳ ನಡುವೆ ನಡೆಯುವ ಆಟಗಾರರ ವ್ಯಾಪಾರ ಇವನ್ನೆಲ್ಲ ಸೇರಿಸಿದರೆ ಈ ತೂಗಾಟವನ್ನು 9 ಎಂದು ಹಿಡಿಯುವುದು ಸೂಕ್ತ. ಆದ್ದರಿಂದ 88 ಎಂದು ಬಂದ ತಂಡಕ್ಕೆ ‘79ರಿಂದ 97’ ಎಂದು ಬರೆಯಿರಿ. ಅಷ್ಟು ಅಗಲದ ಉತ್ತರ ಯಾರಿಗೂ ರುಚಿಸದು, ಆದರೆ ಪ್ರಾಮಾಣಿಕ ಉತ್ತರ ಅದೇ.

ಜುಲೈ ವ್ಯಾಪಾರ ಎರಡೂ ತುದಿಗಳನ್ನು ಹಿಗ್ಗಿಸುತ್ತದೆ. ಹಿಂದೆ ಬಿದ್ದವರು ಇದ್ದವರನ್ನೂ ಮಾರುತ್ತಾರೆ. 2022ರಲ್ಲಿ 101 ಗೆದ್ದಿದ್ದ ಮೆಟ್ಸ್ 2023ರಲ್ಲಿ ಹಿಂದೆ ಬಿದ್ದಾಗ ಪಿಚರ್‌ಗಳಾದ ಶೆರ್ಜರ್, ವರ್ಲ್ಯಾಂಡರ್ ಇಬ್ಬರನ್ನೂ ಕಳಿಸಿಕೊಟ್ಟು 75ರಲ್ಲಿ ಮುಗಿಸಿತು.

ಸಾಧ್ಯತೆ ತಿಳಿಯಲು ಹಾಳೆಯಲ್ಲೇ ಸೀಸನ್ ಆಡಿಸಿ. ಪ್ರತಿ ತಂಡದ ಎದುರು ನಾರ್ಮ್‌ಇನ್ವ್ (NORMINV) ಫಂಕ್ಷನ್ ಹಾಕಿ. ಒಳಗೆ ಮೊದಲು ಯಾದೃಚ್ಛಿಕ ಸಂಖ್ಯೆ ಕೊಡುವ ರ್‍ಯಾಂಡ್, ನಂತರ ನಿಮ್ಮ ಅಂದಾಜು ಗೆಲುವು, ನಂತರ 9. ಇದು ಆ ತಂಡದ ಒಂದು ಸಾಧ್ಯ ಸೀಸನ್. ಮೂವತ್ತನ್ನೂ ಕೂಡಿ 2,430ಕ್ಕೆ ಸರಿಹೊಂದಿಸಿ, ಡಿವಿಷನ್ ಮೊದಲಿಗರನ್ನೂ ಉಳಿದವರಲ್ಲಿ ಮೇಲಿನ ಮೂವರನ್ನೂ ಗುರುತಿಸಿ. ಇದನ್ನೇ ಸಾವಿರ ಸಾಲುಗಳಿಗೆ ಎಳೆದರೆ ಸಾವಿರ ಸೀಸನ್. ಎಷ್ಟು ಸಲ ಪ್ಲೇಆಫ್ ತಲುಪಿತೋ ಅದೇ ಆ ತಂಡದ ಶೇಕಡಾವಾರು. ಉತ್ತರವನ್ನು ‘ಮೌಲ್ಯ ಮಾತ್ರ’ ಎಂದು ಬೇರೆ ಹಾಳೆಗೆ ಅಂಟಿಸಿಡಿ. ಇಲ್ಲದಿದ್ದರೆ ಫೈಲ್ ತೆರೆದಾಗಲೆಲ್ಲ ಅಂಕಿ ಬದಲಾಗುತ್ತದೆ.

ಆರನೆಯದು: ಚಾಂಪಿಯನ್ ಯಾರು

ಇಲ್ಲಿ ಧೈರ್ಯ ತೋರಿಸಬೇಡಿ. ಗೆಲುವಿನ ಪ್ರಮಾಣ 0.600 ಇರುವ ತಂಡ 0.550 ಇರುವ ತಂಡವನ್ನು ಎದುರಿಸಿದರೆ, ಬಿಲ್ ಜೇಮ್ಸ್‌ರ ಲಾಗ್-5 ಸೂತ್ರದ ಪ್ರಕಾರ ಒಂದು ಪಂದ್ಯ ಗೆಲ್ಲುವ ಸಾಧ್ಯತೆ 0.551. ಮೂರು ಪಂದ್ಯದ ಸರಣಿಯಲ್ಲಿ ಇದು 58%, ಐದರಲ್ಲಿ 59-60%, ಏಳರಲ್ಲಿ 61%. ಪ್ರತಿ ಲೀಗ್‌ನ ಮೊದಲೆರಡು ತಂಡಗಳಿಗೆ ಮೂರು ಪಂದ್ಯದ ವೈಲ್ಡ್ ಕಾರ್ಡ್ ಸುತ್ತು ಇಲ್ಲ. ಆದರೂ ಐದರ ಒಂದು ಸರಣಿ, ಏಳರ ಎರಡು ಸರಣಿ ಗೆಲ್ಲಬೇಕು. ಮೂರನ್ನೂ ಗುಣಿಸಿದರೆ 22%. ಸೀಸನ್‌ನ ಅತ್ಯಂತ ಬಲಿಷ್ಠ ತಂಡಕ್ಕೂ, ಪ್ಲೇಆಫ್ ತಲುಪಿದ ಮೇಲೂ, ಐದರಲ್ಲಿ ಒಂದು ಅವಕಾಶಕ್ಕಿಂತ ಹೆಚ್ಚೇನಿಲ್ಲ.

ಇತಿಹಾಸವೂ ಅದನ್ನೇ ಹೇಳುತ್ತದೆ. 2001ರಲ್ಲಿ ಸಿಯಾಟಲ್ 116 ಗೆದ್ದು ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ತಲುಪಲಿಲ್ಲ. 2022ರಲ್ಲಿ 111 ಗೆದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್ 89 ಗೆದ್ದ ಪಾಡ್ರೆಸ್‌ಗೆ ಸೋತಿತು. 2006ರಲ್ಲಿ ಸೇಂಟ್ ಲೂಯಿಸ್ 83 ಗೆಲುವಿನೊಂದಿಗೆ ಚಾಂಪಿಯನ್ ಆಯಿತು. ಡಾಡ್ಜರ್ಸ್ 2024 ಮತ್ತು 2025 ಎರಡರಲ್ಲೂ ಗೆದ್ದದ್ದು ದೊಡ್ಡ ಸುದ್ದಿಯಾದದ್ದೇ 1998-2000ರ ಯಾಂಕೀಸ್ ನಂತರ ಯಾರೂ ಸತತ ಎರಡು ಗೆದ್ದಿರಲಿಲ್ಲ ಎಂಬ ಕಾರಣಕ್ಕೆ. ಮಾರ್ಚ್‌ನಲ್ಲಿ ಯಾವುದೇ ತಂಡಕ್ಕೆ ಪ್ರಶಸ್ತಿಯ ಸಾಧ್ಯತೆ 25% ದಾಟಿಸಿ ಬರೆದಿದ್ದರೆ ಲೆಕ್ಕದಲ್ಲಿ ಏನೋ ತಪ್ಪಿದೆ.

ಮಾರ್ಚ್ ತಿಂಗಳಲ್ಲಿ ನೋಡಬೇಕಾದದ್ದು

ಸ್ಪ್ರಿಂಗ್ ಟ್ರೈನಿಂಗ್‌ನ ಗೆಲುವು-ಸೋಲು ಪೂರ್ತಿ ಬಿಟ್ಟುಬಿಡಿ. ಏಳನೆಯ ಇನ್ನಿಂಗ್ಸ್ ಹೊತ್ತಿಗೆ ಮೈದಾನದಲ್ಲಿರುವವರು ಮೈನರ್ ಲೀಗ್ ಹುಡುಗರು. ನೋಡಬೇಕಾದದ್ದು ಎರಡೇ: ಪಿಚರ್‌ಗಳ ವೇಗ, ಮತ್ತು ಯಾರು ಆಡುತ್ತಿಲ್ಲ ಎಂಬುದು. ಕಳೆದ ವರ್ಷದ ಇದೇ ಸಮಯಕ್ಕೆ ಹೋಲಿಸಿದರೆ ಫಾಸ್ಟ್‌ಬಾಲ್ ಗಂಟೆಗೆ 2 ಮೈಲಿ ಇಳಿದಿದ್ದರೆ ಆತನ ಇನ್ನಿಂಗ್ಸ್ ಮತ್ತು ಎಫ್‌ಐಪಿ ಎರಡನ್ನೂ ತಿದ್ದಿ. ಸೀಸನ್ ಶುರುವಾದ ಮೇಲೆ ಪಂದ್ಯ ನೇರವಾಗಿ ನೋಡಲು ಬಯಸುವವರಿಗೆ ನಮ್ಮ ಗಡಿಯಾರ: ನ್ಯೂಯಾರ್ಕ್‌ನ ಸಂಜೆ 7.05ರ ಪಂದ್ಯ ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಜಾವ 4.35ಕ್ಕೆ, ಲಾಸ್ ಏಂಜಲೀಸ್‌ನ ಸಂಜೆ 7.10ರದ್ದು ಬೆಳಿಗ್ಗೆ 7.40ಕ್ಕೆ.

ಅಕ್ಟೋಬರ್‌ನಲ್ಲಿ ಅಂಕ ಹಾಕುವ ಬಗೆ

ಉದ್ಘಾಟನಾ ದಿನದ ಹಾಳೆಗೆ ದಿನಾಂಕ ಹಾಕಿ ಬೀಗ ಹಾಕಿಡಿ. ಮೇ ತಿಂಗಳಲ್ಲಿ ತಿದ್ದುವ ಆಸೆ ಬಂದೇ ಬರುತ್ತದೆ. 2019ರ ವಾಷಿಂಗ್ಟನ್ ನ್ಯಾಷನಲ್ಸ್ ಮೇ 23ರ ಹೊತ್ತಿಗೆ 19-31ರಲ್ಲಿತ್ತು, ವರ್ಷದ ಕೊನೆಗೆ ಚಾಂಪಿಯನ್ ಆಗಿತ್ತು. ಸೀಸನ್ ಮುಗಿದ ಮೇಲೆ ಪ್ರತಿ ತಂಡದ ಅಂದಾಜಿಗೂ ನಿಜಕ್ಕೂ ಇರುವ ಅಂತರದ ಸರಾಸರಿ ತೆಗೆದು, ಮೂರು ಎದುರಾಳಿಗಳಿಗೆ ಹೋಲಿಸಿ. ಮೊದಲನೆಯದು, ಎಲ್ಲರಿಗೂ 81 ಎಂದು ಬರೆದ ಹಾಳೆ. ಎರಡನೆಯದು, ಹಿಂದಿನ ವರ್ಷದ ಗೆಲುವು ಮತ್ತು 81ರ ಸರಾಸರಿ ಬರೆದ ಹಾಳೆ. ಕ್ಯಾನ್ಸಸ್ ಸಿಟಿಗೆ 56 ಮತ್ತು 81ರ ನಡುವಿನ 68.5. ಮೂರನೆಯದು, ಅಮೆರಿಕದ ಬೆಟ್ಟಿಂಗ್ ಸಂಸ್ಥೆಗಳು ಸೀಸನ್‌ಗೆ ಮುನ್ನ ಪ್ರಕಟಿಸುವ ಗೆಲುವಿನ ಗೆರೆ. ಭಾರತದಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ನಮಗೆ ಬೇಕಾದದ್ದು ಹೋಲಿಕೆಗೆ ಆ ಸಂಖ್ಯೆ ಮಾತ್ರ. ಮೊದಲ ಎರಡನ್ನು ಸೋಲಿಸದಿದ್ದರೆ ವಿಧಾನದಲ್ಲಿ ದೋಷವಿದೆ. ಮೂರನೆಯದರ ಹತ್ತಿರ ಬಂದರೂ ಅದು ಒಳ್ಳೆಯ ಕೆಲಸ.

ಪ್ಲೇಆಫ್ ಶೇಕಡಾವಾರಿಗೆ ಬ್ರಯರ್ ಅಂಕ ಬಳಸಿ. 70% ಎಂದಿದ್ದ ತಂಡ ತಲುಪಿದರೆ 0.3ರ ವರ್ಗ, ಅಂದರೆ 0.09; ತಲುಪದಿದ್ದರೆ 0.7ರ ವರ್ಗ, 0.49. ಮೂವತ್ತರ ಸರಾಸರಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಏನೂ ಯೋಚಿಸದೆ ಎಲ್ಲರಿಗೂ 40% ಬರೆದರೆ (ಮೂವತ್ತರಲ್ಲಿ ಹನ್ನೆರಡು ತಂಡ) 0.24 ಬರುತ್ತದೆ, ನಿಮ್ಮ ಅಂಕ ಅದಕ್ಕಿಂತ ಕೆಳಗಿರಬೇಕು. ಅತಿ ಹೆಚ್ಚು ತಪ್ಪಿದ ಐದು ತಂಡಗಳನ್ನು ತೆಗೆದುಕೊಂಡು, ತಪ್ಪು ಎಲ್ಲಾಯಿತು ಎಂದು ಮೂರು ಕಾಲಂಗಳಲ್ಲಿ ಬರೆಯಿರಿ: ಆಟಗಾರರ ಮಟ್ಟದಲ್ಲೇ, ಆಡಿದ ದಿನಗಳಲ್ಲೇ, ಅಥವಾ ರನ್ ಲೆಕ್ಕ ಸರಿಯಿದ್ದೂ ಗೆಲುವಿನಲ್ಲೇ. ಮೂರನೆಯ ಕಾಲಂನ ತಂಡಗಳನ್ನು ಹಾಗೆಯೇ ಮುಂದಿನ ಫೆಬ್ರವರಿಯ ಹಾಳೆಯ ಮೊದಲ ಸಾಲಿಗೆ ಸಾಗಿಸಿ.